ಸಣ್ಣ ಅಂಗಡಿಗಳೂ ಜಾಲತಾಣಗಳೂ

ಕೆಲವು ತಿಂಗಳ ಹಿಂದೆ ನಿವೃತ್ತ ಉಪಾಧ್ಯಾಯರೊಬ್ಬರು ಮೊಮ್ಮಗನ ಕೈ ಹಿಡಿದು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಬಹುಕಾಲದಿಂದ ನಮ್ಮ ಪತ್ರಿಕೆಯ ಚಂದಾದಾರರು. ಸಕ್ಕರೆ ಕಾಯಿಲೆಯಿಂದ ಅವರ ದೃಷ್ಟಿ ಹೋಗಿ ಐದು ವರ್ಷಗಳಾದುವು. ಅಂದಿನಿಂದ ಅವರು ಪತ್ರಿಕೆ, ಪುಸ್ತಕ, ಬ್ಯಾಂಕಿನ ಪತ್ರ ಮುಂತಾದುವೆಲ್ಲವನ್ನೂ ಕೈಫೋನಿನ ಧ್ವನಿಯ ಮೂಲಕ ಕೇಳಿಸಿಕೊಂಡು ಓದುತ್ತಾರೆ. "ಸ್ವಾಮಿ, ಬೆಂಗಳೂರಿನ ಬ್ಯಾಂಕು ನನ್ನೊಡನೆ ಮಾತಾಡುತ್ತದೆ, ರೈಲಿನ ವೇಳಾಪಟ್ಟಿ ಮಾತಾಡುತ್ತದೆ. ನಮ್ಮೂರಿನ ಜವಳಿ ಅಂಗಡಿ ಮಾತ್ರ ಬಾಯಿ ಬಿಡದು. ನಿಮ್ಮ ಪತ್ರಿಕೆಯೂ ಮೌನವ್ರತ ಹಿಡಿದಿದೆಯಲ್ಲ!" ಎಂದು ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ವಿಚಾರಿಸಿ ನೋಡಲಾಗಿ ಅವರ ಮಾತು ಅಕ್ಷರಶಃ ನಿಜವಾಗಿತ್ತು. ಅಚ್ಚಾದ ಪುಟಗಳ ಚಿತ್ರ ತೆಗೆದು ನಮ್ಮ ಜಾಲತಾಣದಲ್ಲಿ ಅಂಟಿಸಿ, ಲೋಕಕ್ಕೆಲ್ಲ ಪತ್ರಿಕೆಯನ್ನು ತಲುಪಿಸಿದೆವೆಂದು ನಾವು ತೃಪ್ತರಾಗಿದ್ದೆವು. ಆ ಚಿತ್ರದಲ್ಲಿ ಕಣ್ಣಿದ್ದವರಿಗೆ ಅಕ್ಷರಗಳುಂಟು. ಅವರ ಫೋನಿಗೆ ಅದು ಬರಿಯ ಬಿಳಿಯ ಗೋಡೆ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ನಮಗೇ ಅನ್ವಯಿಸಿತು. ಆದುದರಿಂದ ಈ ಲೇಖನವನ್ನು ನಮ್ಮ ತಪ್ಪನ್ನು ಒಪ್ಪಿಕೊಂಡೇ ಆರಂಭಿಸುತ್ತಿದ್ದೇವೆ. ಪರರಿಗೆ ಬುದ್ಧಿ ಹೇಳುವ ಅಧಿಕಾರವು ಅದರಿಂದ ಸ್ವಲ್ಪವಾದರೂ ಬರುವುದೆಂದು ನಂಬಿದ್ದೇವೆ.

ಜಾಲತಾಣವೆಂದರೇನೆಂಬುದನ್ನು ಮೊದಲು ತಿಳಿಯಬೇಕು. 1989ರಲ್ಲಿ ಜಿನೀವಾ ನಗರದ ಸಮೀಪದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ಪಂಡಿತರು ಇದನ್ನು ಕಲ್ಪಿಸಿದರು. 1993ರಲ್ಲಿ ಆ ಸಂಸ್ಥೆಯು ಕಾಸಿನ ಕಾಣಿಕೆಯನ್ನೂ ಕೇಳದೆ ಅದನ್ನು ಸರ್ವಜನರ ಉಪಯೋಗಕ್ಕೆ ಬಿಟ್ಟುಕೊಟ್ಟಿತು. ಇದರ ಮೂಲದ್ರವ್ಯವು ಚಿತ್ರವಲ್ಲ, ಬರಹ. ಪುಟದ ಮೇಲ್ಮೈಯಲ್ಲಿ ನಾವು ಕಾಣುವ ಬಣ್ಣ ಬೆಡಗುಗಳ ಕೆಳಗೆ 'ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಮತ್ತೊಂದು ಪುಟಕ್ಕೆ ಕೊಂಡಿ' ಎಂಬ ಗುರುತುಗಳಿರುತ್ತವೆ. ಕುರುಡರ ಫೋನು ಓದುವುದು ಈ ಗುರುತುಗಳನ್ನೂ ಬರಹವನ್ನೂ. ಗೂಗಲ್ ಮೊದಲಾದ ಶೋಧಕ ಯಂತ್ರಗಳು ಮುಖ್ಯವಾಗಿ ಓದುವುದೂ ಅವನ್ನೇ. ಇವೆರಡಕ್ಕೂ ಬೇರೆಬೇರೆ ವೆಚ್ಚ ಮಾಡಬೇಕೆಂದು ವರ್ತಕರು ತಿಳಿದಿದ್ದಾರೆ. ವಾಸ್ತವವಾಗಿ ಒಂದೇ ಕೆಲಸದಿಂದ ಇವೆರಡರ ಬಹುಪಾಲು ಕೈಗೂಡುತ್ತದೆ.

ಶೋಧಕ ಯಂತ್ರದ ಕ್ರಮವು ಹೀಗಿದೆ. ಅದರ ದೂತನೊಬ್ಬನು ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಅಲೆಯುತ್ತ, ಕಂಡ ಬರಹವನ್ನೆಲ್ಲ ಒಯ್ದು ಪದಾನುಕ್ರಮಣಿಕೆಯಲ್ಲಿ ಸೇರಿಸುತ್ತಾನೆ. ಯಾರಾದರೂ ಪ್ರಶ್ನೆ ಕೇಳಿದಾಗ ಆ ಅನುಕ್ರಮಣಿಕೆಯಿಂದ ಯೋಗ್ಯವೆನಿಸಿದ ಪುಟಗಳನ್ನು ಆರಿಸಿ ಸಾಲಾಗಿ ಇಡುತ್ತದೆ. ಇಳಕಲ್ಲಿನ ನೇಕಾರನೊಬ್ಬನು ತನ್ನ ಜಾಲತಾಣದ ಮೊದಲ ಪುಟಕ್ಕೆ 'ಸ್ವಾಗತ' ಎಂದು ಹೆಸರಿಟ್ಟು, ಉಳಿದುದನ್ನೆಲ್ಲ ಸೀರೆಗಳ ಚಿತ್ರಗಳಿಂದ ತುಂಬಿದನೆನ್ನೋಣ. ಪುಣೆಯಲ್ಲಿ ಕುಳಿತು ಟೋಪ ತೆನಿ ಸೆರಗಿನ ಸೀರೆಯನ್ನು ಹುಡುಕುವ ಗೃಹಿಣಿಗೆ ಅವನು ಹೇಗೆ ಸಿಕ್ಕಾನು? ಸ್ವಾಗತವನ್ನು ಯಾರೂ ಹುಡುಕುವುದಿಲ್ಲ. 'ಇಳಕಲ್ ಕೈಮಗ್ಗದ ಸೀರೆಗಳು, ಟೋಪ ತೆನಿ ಸೆರಗು, ಇಳಕಲ್, ಬಾಗಲಕೋಟೆ ಜಿಲ್ಲೆ' ಎಂದು ಪುಟದ ಹೆಸರಿನಲ್ಲೇ ಇದ್ದರೆ ಯಂತ್ರಕ್ಕೂ ತಿಳಿಯಿತು, ಮನುಷ್ಯನಿಗೂ ತಿಳಿಯಿತು. ಏನು, ಯಾರದು, ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಪುಟವು ಫಲಕವಿಲ್ಲದ ಅಂಗಡಿಯೇ ಸರಿ.

ಊರಿನ ವರ್ತಕರಿಗೆ ಇದಕ್ಕಿಂತ ಮೊದಲಿನ ಮೆಟ್ಟಿಲೊಂದುಂಟು. ಗೂಗಲ್ ಸಂಸ್ಥೆಯು ಅಂಗಡಿಗಳಿಗಾಗಿ ಪುಕ್ಕಟೆಯಾಗಿ ನಡೆಸುವ ನಮೂದು ಪುಸ್ತಕವೇ ಅದು. 2014ರಲ್ಲಿ 'ಗೂಗಲ್ ಮೈ ಬಿಸಿನೆಸ್' ಎಂದಿದ್ದ ಅದರ ಹೆಸರು 2021ರಿಂದ 'ಗೂಗಲ್ ಬಿಸಿನೆಸ್ ಪ್ರೊಫೈಲ್' ಎಂದಾಗಿದೆ. ಅದರಲ್ಲಿ ಅಂಗಡಿಯ ಹೆಸರು, ವಿಳಾಸ, ದೂರವಾಣಿ, ತೆರೆಯುವ ಮುಚ್ಚುವ ವೇಳೆ, ವಾರದ ರಜೆ ಇವುಗಳನ್ನು ಬರೆಸಬೇಕು. ಜಾಲತಾಣದಲ್ಲಿಯೂ ಅವೇ ಅಕ್ಷರಗಳಲ್ಲಿ ಇರಬೇಕು. ಒಂದು ಕಡೆ 'ಹಳೆ ಪೇಟೆ', ಇನ್ನೊಂದು ಕಡೆ 'ಮೇನ್ ರೋಡ್', ಮತ್ತೊಂದು ಕಡೆ ಹತ್ತು ವರ್ಷದ ಹಿಂದಿನ ದೂರವಾಣಿ ಎಂಬಂತಾದರೆ ಗಿರಾಕಿಯೂ ಯಂತ್ರವೂ ಒಟ್ಟಿಗೆ ದಾರಿ ತಪ್ಪುವರು. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಪ್ರಶ್ನೆಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ನೋಡುವುದಾಗಿ ಆ ಸಂಸ್ಥೆಯೇ ಹೇಳಿಕೊಂಡಿದೆ. ಹಣ ಕೊಟ್ಟು ಈ ಸ್ಥಾನವನ್ನು ಕೊಳ್ಳಲಾಗದೆಂದೂ ಹೇಳಿದೆ. 'ನಿಮ್ಮನ್ನು ಮೊದಲನೆಯ ಸಾಲಿನಲ್ಲಿ ಕೂರಿಸುತ್ತೇವೆ' ಎಂದು ಮುಂಗಡ ಕೇಳುವವರ ಮಾತಿಗೆ ನಮ್ಮ ವರ್ತಕರು ಮರುಳಾಗಕೂಡದು.

ಇನ್ನು ಅಂಗವಿಕಲರಿಗೆ ಸುಗಮವಾಗುವ ವಿಷಯ. ಇದರ ನಿಯಮಗಳನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಮಂಡಲಿಯು 1999ರಲ್ಲಿ ಮೊದಲು ಪ್ರಕಟಿಸಿತು; 2008, 2018, 2023ರಲ್ಲಿ ಪರಿಷ್ಕರಿಸಿತು. ಅವುಗಳ ತತ್ತ್ವವು ನಾಲ್ಕೇ ಮಾತಿನಲ್ಲಿದೆ: ಪುಟವು ಇಂದ್ರಿಯಗಳಿಗೆ ಗ್ರಹಿಸಲು ಬರಬೇಕು, ನಡೆಸಲು ಬರಬೇಕು, ಅರ್ಥವಾಗಬೇಕು, ನಾನಾ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು. ಅಂಗಡಿಯವನಿಗೆ ಇದರ ಅರ್ಥವೇನೆಂದರೆ:

ಪ್ರತಿಯೊಂದು ಉಪಯುಕ್ತ ಚಿತ್ರಕ್ಕೂ ಅದರ ವರ್ಣನೆಯನ್ನು ಒಂದು ಸಾಲಿನಲ್ಲಿ ಬರೆದು ಜೋಡಿಸಬೇಕು. 'ಚಿತ್ರ 7' ಎಂದಲ್ಲ. 'ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ' ಎಂದು. ಧರದ ಪಟ್ಟಿಯನ್ನು ಚಿತ್ರವಾಗಿ ಹಾಕದೆ ಬರಹವಾಗಿ ಹಾಕಬೇಕು. ಬಿಳಿಯ ಮೇಲೆ ತಿಳಿಬೂದು ಬಣ್ಣದ ಅಕ್ಷರಗಳನ್ನಿಡುವ ಹೊಸ ಷೋಕಿಯು ವೃದ್ಧರ ಕಣ್ಣಿಗೆ ಶತ್ರು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ತಾರತಮ್ಯವು 4.5ಕ್ಕೆ 1ರಷ್ಟಾದರೂ ಇರಬೇಕೆಂದು ನಿಯಮವಿದೆ. ಅಕ್ಷರಗಳನ್ನು ಎರಡರಷ್ಟು ಹಿಗ್ಗಿಸಿದರೂ ಪುಟವು ಹರಿದು ಹೋಗಬಾರದು. ಕೈ ನಡುಗುವವರು ಮೌಸು ಹಿಡಿಯಲಾರರು. ಕೀಲಿಮಣೆಯೊಂದರಿಂದಲೇ ಎಲ್ಲ ಕೆಲಸವೂ ಆಗುವಂತಿರಬೇಕು. ಹೆಸರು, ವಿಳಾಸ ತುಂಬುವ ಚೌಕಗಳಿಗೆ ತಮ್ಮ ತಮ್ಮ ಹೆಸರುಪಟ್ಟಿಯಿರಬೇಕು. ಇಲ್ಲವಾದರೆ ಯಾವ ಚೌಕದಲ್ಲಿ ಏನು ತುಂಬಬೇಕೆಂದು ಕುರುಡನಿಗೆ ತಿಳಿಯದು. 'ಇಲ್ಲಿ ಒತ್ತಿರಿ' ಎಂಬ ಕೊಂಡಿಗಿಂತ 'ಸೀರೆಗಳ ಧರಪಟ್ಟಿ ನೋಡಿರಿ' ಎಂಬುದು ಮೇಲು. ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ, ಗಮನ ಬೇಕು.

ಕನ್ನಡಿಗರಿಗೆ ವಿಶೇಷವಾದ ತೊಡಕೊಂದುಂಟು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೇ ಕುಳಿತಿರುತ್ತದೆ. ಅದನ್ನು ಫೋನು ಓದಲಾರದು, ಶೋಧಕ ಯಂತ್ರವು ಹುಡುಕಲಾರದು. ಯುನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಅಷ್ಟು ಹಿಂದೆಯೇ ಸಿಕ್ಕ ಪೀಠದ ಮೇಲೆ ಕುಳಿತುಕೊಳ್ಳದೆ ನೆಲದ ಮೇಲೆಯೇ ಇರುವುದು ನಮ್ಮ ಔದಾಸೀನ್ಯವಲ್ಲದೆ ಮತ್ತೇನು? ಹಳೆಯ ಬರಹವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪುಟದ ಭಾಷೆ ಕನ್ನಡವೆಂಬ ಗುರುತನ್ನೂ ಒಳಗೆ ಹಾಕಿಸಬೇಕು; ಇಲ್ಲದಿದ್ದರೆ ಫೋನಿನ ಧ್ವನಿಯು ನಮ್ಮ ಭಾಷೆಯನ್ನು ಇಂಗ್ಲಿಷಿನ ನಾಲಗೆಯಿಂದ ಓದಲೆತ್ನಿಸಿ ಕೇಳುವವರನ್ನು ಹಿಂಸಿಸೀತು. ಗಿರಾಕಿಗಳು ಎರಡು ಭಾಷೆಯಲ್ಲಿಯೂ ಹುಡುಕುವುದರಿಂದ ಇಂಗ್ಲಿಷ್ ಪುಟವೂ ಇರಲಿ. ಆದರೆ ಕನ್ನಡ ಪುಟವು ಅದರ ಬಾಲವಾಗದೆ ಪೂರ್ಣವಾಗಿರಲಿ.

"ಇದರಿಂದ ಉಪಕಾರವಾಗುವವರು ಎಷ್ಟು ಮಂದಿ?" ಎಂದು ವರ್ತಕರು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು 50 ಲಕ್ಷ ಮಂದಿಗೆ ದೃಷ್ಟಿದೋಷವಿತ್ತು. ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಮಿಕ್ಕಿ ಅಂಗವಿಕಲರಿದ್ದರು. ಕನ್ನಡಕವಿಲ್ಲದೆ ಅಕ್ಷರ ಕಾಣದ ವೃದ್ಧರು ಈ ಲೆಕ್ಕದಲ್ಲಿ ಸೇರಿಲ್ಲ. ಬಿಸಿಲಿನಲ್ಲಿ ಫೋನು ಹಿಡಿದು ನಿಂತವರು ಸೇರಿಲ್ಲ. ಇಂದು ಕಣ್ಣು ಚೆನ್ನಾಗಿರುವ ನಾವೆಲ್ಲರೂ ಆ ಪಂಗಡದ ಉಮೇದುವಾರರೇ ಅಲ್ಲವೆ? ಮಾಸ್ತರರ ಕಣ್ಣು ಐದು ವರ್ಷದ ಹಿಂದೆ ಚೆನ್ನಾಗಿಯೇ ಇತ್ತು.

ಇದು ಕೇವಲ ದಯೆಯ ಮಾತಾಗಿಯೂ ಉಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಶಾಸನವು ಸೇವೆ ಒದಗಿಸುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ ನಿಯಮಾನುಸಾರ ಸುಗಮತೆಯನ್ನು ಕಲ್ಪಿಸಬೇಕೆಂದು ವಿಧಿಸಿದೆ. ಆಮ್ಲದ ದಾಳಿಗೆ ತುತ್ತಾದವರೂ ದೃಷ್ಟಿಹೀನರೊಬ್ಬರೂ ತಂದ ಮೊಕದ್ದಮೆಗಳಲ್ಲಿ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಅಂತರ್ಜಾಲದ ಸೇವೆಗಳನ್ನು ಪಡೆಯುವುದೂ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಕಣ್ಣು ಮಿಟುಕಿಸಿ ತೋರಿಸಿದರಲ್ಲದೆ ಗುರುತು ಒಪ್ಪೆವೆಂಬ ಯಂತ್ರದ ಮುಂದೆ, ರೆಪ್ಪೆಯನ್ನೇ ಕಳೆದುಕೊಂಡವರು ಏನು ಮಾಡಬೇಕು ಎಂಬುದೇ ಅಲ್ಲಿಯ ಪ್ರಶ್ನೆ. ಆ ಪ್ರಶ್ನೆಯು ದೊಡ್ಡ ಬ್ಯಾಂಕಿನ ಬಾಗಿಲಿಗೆ ಹೇಗೋ ಸಣ್ಣ ಅಂಗಡಿಯ ಬಾಗಿಲಿಗೂ ಹಾಗೆಯೇ.

ಮತ್ತೊಂದು ಆಕ್ಷೇಪಣೆಯನ್ನೂ ಕೇಳಿದ್ದೇವೆ: "ನಮ್ಮ ಗಿರಾಕಿಗಳು ಪಕ್ಕದ ಬೀದಿಯವರು, ವಾಟ್ಸಾಪು ಸಾಕು." ಇದರಲ್ಲಿ ಸತ್ಯಾಂಶವಿದೆ. ಮೂಲೆಯ ಚಹದ ಅಂಗಡಿಗೆ ನಮೂದು ಪುಸ್ತಕವೊಂದೇ ಸಾಕು. ಜಾಲತಾಣದ ಸಾಲ ಬೇಡ. ಆದರೆ ಊರ ಹೊರಗಿನವರಿಗೆ ಮಾರುವವರು, ಮುದ್ರಣಾಲಯ, ಛತ್ರ, ವಸತಿಗೃಹ, ಔಷಧದಂಗಡಿ, ನೇಕಾರರು, ಚನ್ನಪಟ್ಟಣದ ಬೊಂಬೆ ಮಾಡುವವರಂತಹ ಕುಶಲಕರ್ಮಿಗಳು ಪರರ ವೇದಿಕೆಯನ್ನೇ ನಂಬಿ ಕೂರಬಾರದು. ಅದು ಬಾಡಿಗೆಯ ಮನೆ. ಒಡೆಯನು ಬಿಡೆಂದ ದಿನ ಬಿಡಬೇಕು. ಸ್ವಂತ ಹೆಸರಿನ ತಾಣವು ಸ್ವಂತ ನಿವೇಶನ. ಆ ಹೆಸರು ವರ್ತಕನ ಹೆಸರಿನಲ್ಲಿಯೇ ನೋಂದಣಿಯಾಗಬೇಕೆಂಬುದನ್ನು ಒತ್ತಿ ಹೇಳುತ್ತೇವೆ. ನಮಗೆ ಪರಿಚಿತರಾದ ವರ್ತಕರೊಬ್ಬರ ತಾಣವನ್ನು ಮಾಡಿಕೊಟ್ಟವನು ಅದನ್ನು ತನ್ನ ಹೆಸರಿನಲ್ಲಿ ಬರೆಸಿಕೊಂಡು, ವರ್ಷ ಕಳೆದ ಮೇಲೆ ಮೂರು ಪಟ್ಟು ಹಣ ಕೇಳಿದನು. ಅವರು ಕೊಡಲಿಲ್ಲ, ಅಂಗಡಿಯ ಹೆಸರು ಅವನ ಜೇಬಿನಲ್ಲಿಯೇ ಉಳಿಯಿತು.

ಒಂದೇ ಸಾಲಿನ ತಂತ್ರಾಂಶವನ್ನು ಸೇರಿಸಿದರೆ ಯಾವ ತಾಣವೂ ಅಂಗವಿಕಲರಿಗೆ ಸುಗಮವಾಗುವುದೆಂದು ಮಾರುವವರೂ ಉಂಟು. ಇಂತಹ ಭರವಸೆಯಿತ್ತ ಸಂಸ್ಥೆಯೊಂದು 10 ಲಕ್ಷ ಡಾಲರು ತೆರಬೇಕೆಂದು ಅಮೆರಿಕದ ವ್ಯಾಪಾರ ಆಯೋಗವು 2025ರಲ್ಲಿ ಆಜ್ಞೆ ಮಾಡಿತು. ಗೋಡೆಗೆ ಸುಣ್ಣ ಹೊಡೆದರೆ ತಳಪಾಯದ ಬಿರುಕು ಮುಚ್ಚುವುದಿಲ್ಲ.

ತಾಣವನ್ನು ಮಾಡಿಸಿದ ವರ್ತಕನು ಅದನ್ನು ತಾನೇ ಪರೀಕ್ಷಿಸಬಹುದು. ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದ ಪುಟದ ಆದ್ಯಂತ ಸಂಚರಿಸಲಿ. ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ಓದುವ ಸಾಧನವನ್ನು ತೆರೆದು, ಕಣ್ಣು ಮುಚ್ಚಿಕೊಂಡು ತನ್ನ ಅಂಗಡಿಯ ದೂರವಾಣಿ ಸಂಖ್ಯೆಯನ್ನು ಕಂಡುಹಿಡಿಯಲಿ. ಗಣಕದಲ್ಲಾದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಹಳ್ಳಿಯ ನಿಧಾನವಾದ ಸಂಪರ್ಕದಲ್ಲಿ ಪುಟವು ತೆರೆಯುವುದೋ ಎಂದು ನೋಡಲಿ. ಭಾರವಾದ ಚಿತ್ರಗಳನ್ನು ಕುಗ್ಗಿಸಲಿ. ಗೂಗಲ್ ತನ್ನ ಅನುಕ್ರಮಣಿಕೆಗೆ ಕೈಫೋನಿನಲ್ಲಿ ಕಾಣುವ ರೂಪವನ್ನೇ ತೆಗೆದುಕೊಳ್ಳುವುದರಿಂದ ಪರೀಕ್ಷೆಯೂ ಅಲ್ಲಿಯೇ ನಡೆಯಲಿ.

ಪುರಸಭೆಯ ಅಧಿಕಾರಿಗಳಿಗೂ ವರ್ತಕ ಸಂಘದವರಿಗೂ ನಮ್ಮ ವಿಜ್ಞಾಪನೆಯೊಂದಿದೆ. ಊರಿನ ಕಾಲೇಜಿನಲ್ಲಿ ಗಣಕ ವಿದ್ಯೆ ಕಲಿಯುವ ತರುಣರಿದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಂದು ಅಂಗಡಿಯ ಪುಟವನ್ನು ಈ ನಿಯಮಗಳಂತೆ ರಚಿಸಿಕೊಟ್ಟರೆ ಅವನಿಗೆ ಅಭ್ಯಾಸವಾದೀತು, ಅಂಗಡಿಗೆ ಉಪಕಾರವಾದೀತು. ಪರೀಕ್ಷಕರನ್ನಾಗಿ ಊರಿನ ಅಂಧರನ್ನೇ ಕರೆದು ಅವರ ಶ್ರಮಕ್ಕೆ ಸಂಭಾವನೆ ಕೊಡಬೇಕು. ಬೆಟ್ಟಿನ ತುದಿಯಲ್ಲಿ ಜಗತ್ತನ್ನು ಓದಿದವರಿಗಿಂತ ಉತ್ತಮ ಪರೀಕ್ಷಕರು ಯಾರು?

ನಮ್ಮ ಮಟ್ಟಿಗೆ ಹೇಳುವುದಾದರೆ, ಕಳೆದ ತಿಂಗಳಿನಿಂದ ಈ ಪುಟದ ಲೇಖನಗಳನ್ನು ಬರಹರೂಪದಲ್ಲಿಯೇ ತಾಣಕ್ಕೆ ಏರಿಸುತ್ತಿದ್ದೇವೆ. ಹಳೆಯ ಸಂಚಿಕೆಗಳ ಕೆಲಸ ಇನ್ನೂ ಬಹಳ ಉಳಿದಿದೆ. ಮೊದಲ ದಿನ ಸಂಜೆಯೇ ಮಾಸ್ತರರು ದೂರವಾಣಿಯಲ್ಲಿ ಮಾತಾಡಿ, ಐದು ವರ್ಷದ ತರುವಾಯ ಅಗ್ರಲೇಖನವನ್ನು ತಾವೇ ಓದಿದುದಾಗಿ ತಿಳಿಸಿದರು. ಮೆಚ್ಚುಗೆಯ ಮಾತನ್ನು ನಾವು ನಿರೀಕ್ಷಿಸಿದ್ದೆವು. "ಎರಡು ಕಡೆ ಕಾಗುಣಿತ ತಪ್ಪಿದೆ ಸ್ವಾಮಿ, ಧ್ವನಿ ಅಲ್ಲಿ ಎಡವಿತು, ತಿದ್ದಿಸಿರಿ" ಎಂದರು. ತಿದ್ದಿಸಿದ್ದೇವೆ.