ರಾತ್ರಿಯಲ್ಲೂ ಮೂಡುವ ಕಾಮನಬಿಲ್ಲು

ನೀವು ಎಂದಾದರೂ ರಾತ್ರಿಯಲ್ಲಿ ಕಾಮನಬಿಲ್ಲನ್ನು ಕಂಡಿದ್ದೀರಾ? ಹೀಗೆ ಕೇಳಿದರೆ ಹೆಚ್ಚಿನವರು ನಕ್ಕುಬಿಡುತ್ತಾರೆ. ನಾನೂ ಹಾಗೆ ನಕ್ಕವಳೇ.

ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಚಿತ್ರವೊಂದನ್ನು ತಂದು ತೋರಿಸಿದಳು. ಆಫ್ರಿಕಾದ ವಿಕ್ಟೋರಿಯಾ ಜಲಪಾತ, ಮೇಲೆ ನಕ್ಷತ್ರಗಳು, ನಡುವೆ ಬಣ್ಣದ ಕಮಾನು. "ಟೀಚರ್, ಇದು ನಿಜವಾ?" ಎಂದಳು. "ಎಲ್ಲ ಕಂಪ್ಯೂಟರಿನ ಕರಾಮತ್ತು" ಎಂದು ಹೇಳಿ ನಾನು ಪಾಠ ಮುಂದುವರಿಸಿದೆ. ಅವಳ ಮುಖ ಸಪ್ಪಗಾಯಿತು. ಮನೆಗೆ ಬಂದು ಪುಸ್ತಕ ತಿರುವಿದಾಗ ತಿಳಿಯಿತು, ತಪ್ಪಿದ್ದು ನಾನೇ!

ಜಾಂಬಿಯಾ ಮತ್ತು ಜಿಂಬಾಬ್ವೆಯ ಗಡಿಯಲ್ಲಿ ಜಾಂಬೆಜಿ ನದಿ ಸುಮಾರು 1,700 ಮೀಟರ್ ಅಗಲಕ್ಕೆ ಹರಡಿ, 108 ಮೀಟರ್ ಆಳಕ್ಕೆ ಧುಮುಕುತ್ತದೆ. ಅಲ್ಲಿನ ಜನ ಅದನ್ನು 'ಮೋಸಿ ಓವಾ ತುನ್ಯಾ' ಎನ್ನುತ್ತಾರೆ. 'ಗುಡುಗುವ ಹೊಗೆ' ಎಂದು ಅದರ ಅರ್ಥ. ಆ ಹೊಗೆ ಬೇರೇನೂ ಅಲ್ಲ, ಆಕಾಶಕ್ಕೆ ಏಳುವ ನೀರಿನ ತುಂತುರು. ಹುಣ್ಣಿಮೆಯ ಬೆಳಕು ಈ ಹನಿಗಳ ಮೇಲೆ ಬಿದ್ದಾಗ ಬಿಲ್ಲು ಮೂಡುತ್ತದೆ. ಇದನ್ನು ನೋಡಲೆಂದೇ ಹುಣ್ಣಿಮೆಯ ರಾತ್ರಿಗಳಲ್ಲಿ ಅಲ್ಲಿನ ಉದ್ಯಾನವನ್ನು ತೆರೆದಿಡುತ್ತಾರೆ.

ಆದರೆ ಅಲ್ಲಿ ನಿಂತವರ ಕಣ್ಣಿಗೆ ಅದು ಹೆಚ್ಚಾಗಿ ಬಿಳಿಯ ಕಮಾನಿನಂತೆ ಕಾಣುತ್ತದೆ. ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣಗಳನ್ನು ಗುರುತಿಸಲಾರದು. ಹಾಗೆಂದು ಬಣ್ಣ ಅಲ್ಲಿ ಇಲ್ಲವೆಂದೇನೂ ಅಲ್ಲ. ಕ್ಯಾಮರಾ ಹತ್ತಿಪ್ಪತ್ತು ಸೆಕೆಂಡು ಕಣ್ಣು ತೆರೆದು ಕಾಯುತ್ತದೆ, ಬೆಳಕನ್ನು ಕೂಡಿಡುತ್ತದೆ. ಆಗ ಬಣ್ಣಗಳು ಹೊರಬರುತ್ತವೆ. ನೀರು ಹಾಲಿನಂತೆ ನಯವಾಗುತ್ತದೆ. ಅದಕ್ಕಿಂತ ಹೆಚ್ಚು ಕಾದರೆ, ಭೂಮಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕೆಗಳ ಬದಲು ಗೆರೆಗಳಾಗಿಬಿಡುತ್ತವೆ!

ಇಂತಹ ಚಿತ್ರ ತೆಗೆಯುವುದು ಸುಲಭವಲ್ಲ. ಕ್ಯಾಮರಾ ಅಲುಗಾಡದಂತೆ ಮೂರು ಕಾಲಿನ ಸ್ಟ್ಯಾಂಡ್ ಬೇಕು. ಫ್ಲ್ಯಾಶ್ ಹಾಕಬಾರದು, ಹಾಕಿದರೆ ಎದುರಿನ ಹನಿಗಳಷ್ಟೇ ಹೊಳೆಯುತ್ತವೆ. ಲೆನ್ಸ್ ಮೇಲೆ ಬೀಳುವ ತುಂತುರನ್ನು ಆಗಾಗ ಒರೆಸುತ್ತಿರಬೇಕು. ನೀರು ತುಂಬಿ ಹರಿಯುವ ಏಪ್ರಿಲ್ ಆಸುಪಾಸಿನ ತಿಂಗಳುಗಳನ್ನೇ ಆರಿಸಿಕೊಳ್ಳಬೇಕು. ಚಂದ್ರನ ಬೆಳಕಿಗೆ ಚಿಕ್ಕ ನಕ್ಷತ್ರಗಳು ಮರೆಯಾಗುವುದರಿಂದ ದೊಡ್ಡವಷ್ಟೇ ಚಿತ್ರದಲ್ಲಿ ಉಳಿಯುತ್ತವೆ.

ಈ ಕಲೆಯ ಹಿಂದಿರುವ ವಿದ್ಯೆ ನಮಗೆ ಅಪರಿಚಿತವೇನಲ್ಲ. ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಾವು ನೋಡುತ್ತೇವೆಂದು 11ನೇ ಶತಮಾನದಲ್ಲಿ ಇಬ್ನುಲ್ ಹೈಥಮ್ ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಮಾಲುದ್ದೀನ್ ಅಲ್ ಫಾರಿಸಿ, ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಪ್ರಯೋಗ ಮಾಡಿದರು. ಬೆಳಕು ಹನಿಯೊಳಗೆ ಬಾಗಿ, ಪ್ರತಿಫಲಿಸಿ, ಮತ್ತೆ ಬಾಗಿ ಹೊರಬರುವಾಗ ಬಿಲ್ಲು ಮೂಡುತ್ತದೆಂದು ತೋರಿಸಿದರು. ತಾವು ಓದಿದ್ದನ್ನು ಅವರು ಸುಮ್ಮನೆ ಒಪ್ಪಲೂ ಇಲ್ಲ, ಸುಮ್ಮನೆ ತಳ್ಳಿಹಾಕಲೂ ಇಲ್ಲ, ಪರೀಕ್ಷಿಸಿ ನೋಡಿದರು.

ಸಹೋದರಿಯರೇ, ಇಂದು ಮೊಬೈಲಿನಲ್ಲಿ ಸುಳ್ಳು ಚಿತ್ರಗಳಿಗೆ ಬರವಿಲ್ಲ. ಹಾಗಿರುವಾಗ ನಂಬುವುದು ಹೇಗೆ? ಬಿಲ್ಲಿನ ವಿಷಯದಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಬಿಲ್ಲು ಕಾಣಬೇಕಾದರೆ ಚಂದ್ರ ನಮ್ಮ ಬೆನ್ನ ಹಿಂದಿರಬೇಕು. ಜಲಪಾತದ ಬಿಲ್ಲೂ ಹುಣ್ಣಿಮೆಯ ಚಂದ್ರನೂ ಅಕ್ಕಪಕ್ಕ ಕಂಡರೆ ಆ ಚಿತ್ರವನ್ನು ಅನುಮಾನಿಸಿ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಇಷ್ಟನ್ನೂ ಹೇಳಿದೆ. ಮಕ್ಕಳ ಮುಂದೆ 'ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ' ಎಂದರೆ ನಮ್ಮ ಗೌರವವೇನೂ ಕುಂದುವುದಿಲ್ಲ. ಅವಸರದ ಉತ್ತರ ಕೊಟ್ಟರೆ ಅವರು ಮುಂದೆ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡಬಹುದು.

ಆ ಹುಡುಗಿ ಚೀಲದಿಂದ ಚಿತ್ರವನ್ನು ಹೊರತೆಗೆದು ಬಹಳ ಹೊತ್ತು ನೋಡಿದಳು. ಆಮೇಲೆ ಮುಖವರಳಿಸಿ ಹೇಳಿದಳು: "ಟೀಚರ್, ಇದರಲ್ಲಿ ಚಂದ್ರ ಇಲ್ಲ!"