ಕರ್ಪೂರದ ಎಣ್ಣೆ ಅಂದ್ರೆ ಯಾವುದು? ಹೆಸರು ಒಂದೇ, ಬಾಟಲಿ ಮೂರು: ಕೊಳ್ಳುವವರು, ಮಾರುವವರು ತಿಳಿದಿರಬೇಕಾದ ಸಂಗತಿ

ಚಳಿ ಬಿತ್ತು, ಮಕ್ಕಳಿಗೆ ನೆಗಡಿ-ಕೆಮ್ಮು ಶುರುವಾಯಿತು ಅಂದರೆ ಗ್ರಂಧಿಗೆ ಅಂಗಡಿಯಲ್ಲೂ ಮೆಡಿಕಲ್‌ನಲ್ಲೂ ಕೇಳಿಬರುವ ಮಾತು ಒಂದೇ: ‘ಕರ್ಪೂರದ ಎಣ್ಣೆ ಇದ್ರೆ ಕೊಡಿ’. ಒಂದು ಅಂಗಡಿಯಲ್ಲಿ ಸಿಗುವುದು ಕೊಬ್ಬರಿ ಎಣ್ಣೆಗೆ ಕರ್ಪೂರ ಕರಗಿಸಿ ತುಂಬಿದ ಬಾಟಲಿ. ಪಕ್ಕದ ಅಂಗಡಿಯಲ್ಲಿ ಆಯುರ್ವೇದ ಕಂಪನಿಯ ತೈಲ. ಇನ್ನೊಂದು ಕಡೆ ಬೆರಳುದ್ದದ ಸೀಸೆಯಲ್ಲಿ ನೀರಿನಷ್ಟು ತೆಳ್ಳಗಿರುವ, ಮೂಗಿಗೆ ಹೊಡೆಯುವ ವಾಸನೆಯ ಸುಗಂಧ ತೈಲ. ಮೂರನ್ನೂ ಜನ ಕರೆಯುವುದು ಕರ್ಪೂರದ ಎಣ್ಣೆ ಅಂತಲೇ. ಆದರೆ ಒಳಗಿರುವ ಸರಕು ಬೇರೆ, ಅದರ ತೀಕ್ಷ್ಣತೆ ಬೇರೆ. ಈ ಗೊಂದಲದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಚಿಕ್ಕ ಮಕ್ಕಳು.

ಮರದ್ದೋ, ಕಾರ್ಖಾನೆಯದ್ದೋ?

ಕರ್ಪೂರದ ಮರ ಮೂಲತಃ ನಮ್ಮ ಕಡೆಯದಲ್ಲ. ಚೀನಾ, ತೈವಾನ್, ಜಪಾನ್ ಭಾಗದ್ದು, ದಾಲ್ಚಿನ್ನಿ ಜಾತಿಗೆ ಹತ್ತಿರದ ನೆಂಟ. ಮರದ ಚಕ್ಕೆಗೆ ಹಬೆ ಹಾಯಿಸಿ ಭಟ್ಟಿ ಇಳಿಸಿದರೆ, ತಣ್ಣಗಾಗುವಾಗ ಬಿಳಿ ಹರಳು ಬೇರೆಯಾಗುತ್ತದೆ. ಅದು ಕರ್ಪೂರ. ಹರಳು ತೆಗೆದ ಮೇಲೆ ಉಳಿಯುವ ದ್ರವವೇ ನಿಜವಾದ ಅರ್ಥದಲ್ಲಿ ಕರ್ಪೂರ ತೈಲ. ಅದನ್ನು ಮತ್ತೆ ಭಟ್ಟಿ ಇಳಿಸಿ ಬಿಳಿ, ಕಂದು, ಹಳದಿ, ನೀಲಿ ಅಂತ ಬೇರ್ಪಡಿಸುತ್ತಾರೆ. ಕಂದು ಮತ್ತು ಹಳದಿ ತೈಲದಲ್ಲಿ ಸಫ್ರೋಲ್ ಎಂಬ, ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಅಂಶ ಇರುವುದರಿಂದ ಮೈಗೆ ಹಚ್ಚಲು ಅವು ಸಲ್ಲ. ಸೀಸೆಯಲ್ಲಿ ಬರುವುದು ಬಿಳಿ ತೈಲ. ಇದರಲ್ಲಿ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇರುತ್ತದೆ, ಹಾಗಾಗಿಯೇ ಎರಡರ ವಾಸನೆ ಹತ್ತಿರ ಹತ್ತಿರ.

ಆರತಿ ತಟ್ಟೆಯಲ್ಲಿ ಉರಿಯುವ ಬಿಲ್ಲೆ ಮಾತ್ರ ಈಗ ಬಹುತೇಕ ಮರದಿಂದ ಬರುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ತಯಾರಿಕೆಗೆ ಕರ್ಪೂರ ಬೇಕಾಯಿತು (ಹಳೇ ಕಾಲದ ಸಿನಿಮಾ ರೀಲು ಅದರದ್ದೇ). ಮರಗಳು ಸಾಲಲಿಲ್ಲ. ಆಗ ಪೈನ್ ಮರದ ಅಂಟಿನಿಂದ ಬರುವ ಟರ್ಪೆಂಟೈನ್ ಎಣ್ಣೆಯಿಂದ ಕರ್ಪೂರ ತಯಾರಿಸುವ ದಾರಿ ಕಂಡುಕೊಂಡರು. ಇವತ್ತಿನ ಪೂಜಾ ಕರ್ಪೂರ ಹೆಚ್ಚಾಗಿ ಅದೇ. ಮರದ್ದಾದರೆ ಅಮೃತ, ಕಾರ್ಖಾನೆಯದ್ದಾದರೆ ವಿಷ ಅಂತ ಮಾರಾಟದ ಮಾತು ಕೇಳಿಬರುವುದುಂಟು. ಅದು ಸರಿಯಲ್ಲ. ಹೊಟ್ಟೆಗೆ ಹೋದರೆ ಎರಡೂ ಅಪಾಯವೇ.

ಲಾಡು, ತೀರ್ಥಕ್ಕೆ ಸಾಸಿವೆ ಕಾಳಿನಷ್ಟು ಹಾಕುವ ಪಚ್ಚಕರ್ಪೂರದ ಲೆಕ್ಕ ಬೇರೆ. ಅದು ಸಿಗಲಿಲ್ಲ ಅಂತ ಪೂಜೆಯ ಬಿಲ್ಲೆ ಪುಡಿ ಮಾಡಿ ಅಡುಗೆಗೆ ಹಾಕುವುದು ಬೇಡವೇ ಬೇಡ.

ಉಪಯೋಗ ಏನು?

ಕರ್ಪೂರ ನೀರಲ್ಲಿ ಕರಗೋದಿಲ್ಲ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಚರ್ಮಕ್ಕೆ ಹಚ್ಚಿದಾಗ ಬಿಸಿ-ತಂಪು ತಿಳಿಸುವ ನರಗಳನ್ನು ಕೆಣಕುತ್ತದೆ. ಆ ಚುರುಚುರು ಅನುಭವದಲ್ಲಿ ಒಳಗಿನ ನೋವು ಕೊಂಚ ಮರೆಯಾಗುತ್ತದೆ. ಮಂಡಿನೋವು, ಬೆನ್ನುನೋವು, ಉಳುಕಿಗೆ ತಿಕ್ಕುವ ಮುಲಾಮುಗಳಲ್ಲೆಲ್ಲ ಕರ್ಪೂರ ಇರುವುದು ಇದಕ್ಕೇ. ಆಯುರ್ವೇದದ ಕರ್ಪೂರಾದಿ ತೈಲವನ್ನೂ ಮೈಕೈ ನೋವಿಗೆ ಹೊರಗಿನಿಂದ ಹಚ್ಚುತ್ತಾರೆ. ತುರಿಕೆಗೂ ತಕ್ಕಮಟ್ಟಿಗೆ ಆರಾಮ.

ಮೂಗು ಕಟ್ಟಿದಾಗ ಎದೆಗೆ ಹಚ್ಚಿದರೆ ಉಸಿರಾಟ ಸಲೀಸಾದಂತೆ ಅನ್ನಿಸುತ್ತದೆ. ಅನ್ನಿಸುತ್ತದೆ ಅನ್ನುವುದೇ ಸರಿಯಾದ ಮಾತು, ಕಫ ಅದರಿಂದ ಕರಗುವುದಿಲ್ಲ. 2021ರ ಕೋವಿಡ್ ಅಲೆಯಲ್ಲಿ ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಕ್ಸಿಜನ್ ಮಟ್ಟ ಏರುತ್ತೆ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿದ್ದು ಸುಳ್ಳು. ತಲೆಹೊಟ್ಟು, ಹೇನು, ಕೂದಲು ಉದುರುವುದಕ್ಕೆಲ್ಲ ಇದೇ ಮದ್ದು ಅನ್ನುವವರಿದ್ದಾರೆ, ಅದಕ್ಕೆ ಗಟ್ಟಿ ಆಧಾರವಿಲ್ಲ. ಬಟ್ಟೆ ಪೆಟ್ಟಿಗೆಗೆ ಹುಳ ಬಾರದಂತೆ ಕರ್ಪೂರ ಇಡುವ ಹಳೇ ಅಭ್ಯಾಸ ಮಾತ್ರ ಕೆಲಸ ಮಾಡುತ್ತದೆ.

ಒಂದು ಚಮಚದ ಲೆಕ್ಕ

ಅಮೆರಿಕದಲ್ಲಿ ಹಿಂದೆ ನೂರಕ್ಕೆ 20 ಪಾಲು ಕರ್ಪೂರ ಇದ್ದ ಎಣ್ಣೆ ಮನೆಮನೆಯಲ್ಲಿತ್ತು. ಹರಳೆಣ್ಣೆ ಅಂದುಕೊಂಡು ಮಕ್ಕಳಿಗೆ ಅದನ್ನೇ ಕುಡಿಸಿದ ಪ್ರಕರಣಗಳು ಹೆಚ್ಚಾದವು. 1982ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಆ ಎಣ್ಣೆಯ ಮಾರಾಟವನ್ನೇ ನಿಲ್ಲಿಸಿತು. ಚೀಟಿಯಿಲ್ಲದೆ ಸಿಗುವ ಔಷಧಿಗಳಲ್ಲಿ ಕರ್ಪೂರ ನೂರಕ್ಕೆ 11 ಪಾಲು ಮೀರಬಾರದು ಅಂತ ಮಿತಿಯನ್ನೂ ಹಾಕಿತು.

ನಮ್ಮ ಮನೆಗಳಲ್ಲೂ ಹರಳೆಣ್ಣೆ, ಕೊಬ್ಬರಿ ಎಣ್ಣೆ, ಕರ್ಪೂರದ ಎಣ್ಣೆ ಒಂದೇ ಗೂಡಿನಲ್ಲಿ, ಒಂದೇ ಥರದ ಹಳೇ ಬಾಟಲಿಯಲ್ಲಿ ಕೂತಿರುತ್ತವೆ. ನೂರಕ್ಕೆ 20 ಪಾಲಿನ ಎಣ್ಣೆಯ 5 ಮಿ.ಲೀ. ಅಂದರೆ ಒಂದು ಟೀ ಚಮಚದಲ್ಲಿ 1 ಗ್ರಾಂ ಕರ್ಪೂರ ಇರುತ್ತದೆ. ಪುಟ್ಟ ಮಗುವಿನ ಜೀವ ತೆಗೆಯಲು ಅಷ್ಟು ಸಾಕು. ಹೊಟ್ಟೆಗೆ ಹೋದ ಕೆಲವೇ ನಿಮಿಷಗಳಿಂದ ಒಂದೂವರೆ ಗಂಟೆಯೊಳಗೆ ವಾಂತಿ, ಚಡಪಡಿಕೆ, ಆಮೇಲೆ ಫಿಟ್ಸ್ ಕಾಣಿಸಿಕೊಳ್ಳಬಹುದು. ಎಷ್ಟೋ ಸಲ ಫಿಟ್ಸ್‌ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು.

ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಆ ಹೊತ್ತಿಗೆ ಫಿಟ್ಸ್ ಬಂದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಕುಡಿಸುತ್ತಾ ಕೂರದೆ ತಕ್ಷಣ 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಅದನ್ನು ನೋಡಿದರೆ ವೈದ್ಯರಿಗೆ ಏನು, ಎಷ್ಟು ಅನ್ನುವುದು ಬೇಗ ತಿಳಿಯುತ್ತದೆ.

ಕರ್ಪೂರ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹಾಗಾಗಿ ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚುವುದೇ ಬೇಡ. ‘ನಮ್ಮಜ್ಜಿ ಹಚ್ತಿದ್ರು, ನಮಗೇನೂ ಆಗ್ಲಿಲ್ಲ’ ಅನ್ನುವ ಮಾತಿಗೆ ಉತ್ತರ ಇಷ್ಟೇ: ಅಜ್ಜಿ ಎಷ್ಟು ಹಾಕ್ತಿದ್ರು ಅಂತ ಯಾರೂ ಅಳತೆ ಮಾಡಿಟ್ಟಿಲ್ಲ. ಗಾಯ, ಸುಟ್ಟ ಚರ್ಮ, ಮೂಗಿನ ಹೊಳ್ಳೆಯೊಳಗೆ ದೊಡ್ಡವರಿಗೂ ಬೇಡ. ಗರ್ಭಿಣಿಯರು, ಫಿಟ್ಸ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಮನೆಯಲ್ಲಿ ಮಾಡುವುದಾದರೆ

ದೊಡ್ಡವರ ಮೈಕೈ ನೋವಿಗೆ 100 ಮಿ.ಲೀ. ಕೊಬ್ಬರಿ ಎಣ್ಣೆಗೆ 5 ಗ್ರಾಂ ಕರ್ಪೂರ ಧಾರಾಳವಾಯಿತು. ಒಲೆಯ ಮೇಲಿರುವ ಎಣ್ಣೆಗೆ ಕರ್ಪೂರ ಹಾಕುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ, ಅದರ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಎಣ್ಣೆ ಬೆಚ್ಚಗಾದ ಮೇಲೆ ಪಾತ್ರೆ ಇಳಿಸಿ, ಒಲೆ ಆರಿಸಿ, ಆಮೇಲೆ ಪುಡಿ ಹಾಕಿ ಕಲಕಬೇಕು. ಸೀಸೆಯ ಸುಗಂಧ ತೈಲವನ್ನಂತೂ ನೇರವಾಗಿ ಹಚ್ಚುವಂತಿಲ್ಲ. ಬೇರೆ ಎಣ್ಣೆಗೆ ಕೆಲವೇ ಹನಿ ಬೆರೆಸಬೇಕು.

ಅಂಗಡಿಯವರಿಗೆ

ಬಿಡಿಯಾಗಿ ಹಳೇ ಬಾಟಲಿಗೆ ತುಂಬಿ ಕೊಡುವ ಎಣ್ಣೆಯೇ ದೊಡ್ಡ ತಲೆನೋವು. ಅದರಲ್ಲಿ ಎಷ್ಟು ಕರ್ಪೂರ ಇದೆ ಅಂತ ಗಿರಾಕಿ ಕೇಳಿದರೆ ಹೇಳಲು ಆಗುವುದಿಲ್ಲ. ಔಷಧಿ ಅಂತ ಮಾರುವ ಆಯುರ್ವೇದ ತೈಲವಾದರೆ ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಇವಿಲ್ಲದ ಸರಕು ವಾಪಸ್ ಕಳಿಸುವುದೇ ಲೇಸು. ಗಿರಾಕಿ ಕರ್ಪೂರದ ಎಣ್ಣೆ ಕೇಳಿದಾಗ ‘ಯಾರಿಗೆ, ಎಷ್ಟು ವಯಸ್ಸು?’ ಅಂತ ಒಂದು ಮಾತು ಕೇಳಿದರೆ ಯಾವ ಬಾಟಲಿ ಕೊಡಬೇಕು, ಯಾವುದು ಕೊಡಬಾರದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕೂಸಿಗೆ ಅಂದರೆ ಕೊಡದೆ, ಡಾಕ್ಟರ ಹತ್ತಿರ ತೋರಿಸಿ ಅಂತ ಹೇಳಿ ಕಳಿಸಬಹುದು.