ಒಂದೇ ಕಾಲಿನ ಊತ, ಹಠಾತ್ ಏದುಸಿರು: ಬಾಣಂತಿಯ ಮಾತಿಗೆ ಕಿವಿಗೊಡಬೇಕು

2017ರ ಸೆಪ್ಟೆಂಬರ್ 1ರಂದು ಅಮೆರಿಕದ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣುಮಗುವಿಗೆ ಜನ್ಮವಿತ್ತರು. ಮರುದಿನ ಅವರಿಗೆ ಉಸಿರಾಟ ಕಷ್ಟವಾಯಿತು. 2011ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆದಿದ್ದ ಅವರು ಲಕ್ಷಣವನ್ನು ಗುರುತಿಸಿ, ತಮಗೆ ಸಿಟಿ ಸ್ಕ್ಯಾನ್ ಮತ್ತು ಹೆಪಾರಿನ್ ಔಷಧ ಬೇಕೆಂದು ದಾದಿಗೆ ತಿಳಿಸಿದರು. ಅದು ನೋವುನಿವಾರಕದ ಮಂಪರಿನ ಮಾತೆಂದು ದಾದಿ ಭಾವಿಸಿದರು. ಮೊದಲು ಕಾಲುಗಳ ಅಲ್ಟ್ರಾಸೌಂಡ್ ನಡೆಯಿತು, ಏನೂ ಕಾಣಲಿಲ್ಲ. ಸೆರೆನಾ ಪಟ್ಟು ಬಿಡಲಿಲ್ಲ. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹಲವು ಸಣ್ಣ ಹೆಪ್ಪುಗಳು ಕಂಡುಬಂದವು.

ಇಂಥ ಹೆಪ್ಪು ಸಾಮಾನ್ಯವಾಗಿ ಕಾಲಿನ ಆಳದ ಅಭಿಧಮನಿಗಳಲ್ಲಿ ಹುಟ್ಟುತ್ತದೆ. ಅದರ ತುಣುಕು ಕಳಚಿ, ರಕ್ತದೊಡನೆ ಹೃದಯವನ್ನು ಹಾದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಈ ದಾರಿಯನ್ನು 19ನೆಯ ಶತಮಾನದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ. ಅವರ ಜನ್ಮದಿನವಾದ ಅಕ್ಟೋಬರ್ 13, 2014ರಿಂದ ವಿಶ್ವ ಥ್ರಾಂಬೋಸಿಸ್ ದಿನವಾಗಿ ಆಚರಣೆಯಲ್ಲಿದೆ.

ಶಸ್ತ್ರಚಿಕಿತ್ಸೆ, ಮೂಳೆಮುರಿತ, ಕ್ಯಾನ್ಸರ್, ಬಹುದಿನ ಹಾಸಿಗೆ ಹಿಡಿಯುವುದು, ಗಂಟೆಗಟ್ಟಲೆ ಕುಳಿತೇ ಮಾಡುವ ಪ್ರಯಾಣ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಗರ್ಭಿಣಿಯರಿಗೂ ಈ ಭಯವಿದೆ. ಹೆರಿಗೆಯ ನಂತರದ 6 ವಾರಗಳಂತೂ ವಿಶೇಷ ಎಚ್ಚರಿಕೆಯ ಕಾಲ. ಹೆರಿಗೆಯ ರಕ್ತಸ್ರಾವವನ್ನು ತಡೆಯಲೆಂದು ಪ್ರಕೃತಿಯೇ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿರುತ್ತದೆ. ಬಾಣಂತಿಯನ್ನು ಹಾಸಿಗೆಯಿಂದ ಏಳಗೊಡದಿರುವುದು, ಕುಡಿಯಲು ನೀರು ಕಡಿಮೆ ಕೊಡುವುದು ಅಕ್ಕರೆಯಿಂದಲೇ ಬೆಳೆದುಬಂದ ರೂಢಿಗಳು; ಆದರೆ ಅವು ಈ ವ್ಯಾಧಿಗೆ ಎಡೆಮಾಡಿಕೊಡಬಲ್ಲವು. ವೈದ್ಯರು ಅನುಮತಿಸಿದೊಡನೆ ಎದ್ದು ನಡೆದಾಡುವುದೇ ಹಿತ.

ಒಂದೇ ಕಾಲು ಊದಿಕೊಳ್ಳುವುದು, ಮೀನಖಂಡ ನೋಯುವುದು, ಚರ್ಮ ಬಿಸಿಯಾಗಿ ಕೆಂಪೇರುವುದು ಕಾಲಿನ ಹೆಪ್ಪಿನ ಸೂಚನೆಗಳು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಅಂದೇ ವೈದ್ಯರಿಗೆ ತೋರಿಸಬೇಕು. ಹಠಾತ್ ಏದುಸಿರು, ಉಸಿರೆಳೆದಾಗ ಇರಿಯುವ ಎದೆನೋವು, ಕೆಮ್ಮಿನಲ್ಲಿ ರಕ್ತ, ಪ್ರಜ್ಞೆ ತಪ್ಪುವುದು ಇವು ಶ್ವಾಸಕೋಶದ ಸೂಚನೆಗಳು. ಕಾಲಿನಲ್ಲಿ ಏನೂ ಕಾಣದಿದ್ದರೂ ಇವು ಬರಬಹುದು. ಆಗ ಕಾಯದೆ 108ಕ್ಕೆ ಕರೆಮಾಡಬೇಕು. ಸಕಾಲದಲ್ಲಿ ಪತ್ತೆಯಾದರೆ ಇದಕ್ಕೆ ಪರಿಣಾಮಕಾರಿ ಔಷಧಗಳಿವೆ.

ಸೆರೆನಾ ತಮ್ಮ ಭಾಷೆಯಲ್ಲಿಯೇ ಹೇಳಿದರೂ ಅವರ ಮಾತನ್ನು ನಂಬಲು ತಡವಾಯಿತು. ಕಾಸರಗೋಡಿನ ಕನ್ನಡ ಮನೆಯ ಬಾಣಂತಿಗೆ, ಆಸ್ಪತ್ರೆಯ ವ್ಯವಹಾರ ಮಲಯಾಳದಲ್ಲಿದ್ದರೆ, ತೊಡಕು ಇಮ್ಮಡಿ. ಊತಕ್ಕೆ ಮಲಯಾಳದಲ್ಲಿ ‘ನೀರ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕುಡಿಯುವ ನೀರು. ಎಷ್ಟೋ ವೇಳೆ ಶಾಲೆಗೆ ಹೋಗುವ ಮಕ್ಕಳೇ ಮನೆಯ ದುಭಾಷಿಗಳು. ಆದುದರಿಂದ ಊತ ಯಾವ ಕಾಲಿನಲ್ಲಿ, ಎಂದಿನಿಂದ, ಹೆರಿಗೆಯಾಗಿ ಎಷ್ಟು ದಿನ, ಮನೆತನದಲ್ಲಿ ಯಾರಿಗಾದರೂ ಹೆಪ್ಪುಗಟ್ಟಿತ್ತೇ ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದೊಯ್ಯುವುದು ಒಳಿತು.

ರೋಗದ ಸ್ವರೂಪವನ್ನು ತನಗೆ ತಿಳಿದ ಭಾಷೆಯಲ್ಲಿ ಅರಿಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ‘ಇದು ರಕ್ತದ ಹೆಪ್ಪಾಗಿರಬಹುದೇ?’ ಎಂದು ವೈದ್ಯರನ್ನು ಕೇಳಲು ಮನೆಯವರು ಹಿಂಜರಿಯಬಾರದು.